ಶೀಟಿನ ಸೂರಿನಡಿ ರಂಗಮಂದಿರ: ಹತ್ತು ತಿಂಗಳ ಕೆಲಸದ ಡೈರಿ

ನಾನು ಮೋಟಾರ್ ರಿವೈಂಡಿಂಗ್ ಮಾಡುವವನು. ಸಕಲೇಶಪುರದಲ್ಲಿ ಸಣ್ಣ ಅಂಗಡಿ ಇದೆ. ಹಾಸನದ ಹವ್ಯಾಸಿ ತಂಡವೊಂದಕ್ಕೆ ಹದಿನೆಂಟು ವರ್ಷದಿಂದ ಲೈಟು ಮಾಡುತ್ತಿದ್ದೇನೆ. ಹಾಸನಾಂಬ ಕಲಾಕ್ಷೇತ್ರದಿಂದ ಹಿಡಿದು ಊರಹಬ್ಬದ ಚಪ್ಪರದವರೆಗೆ ಎಲ್ಲ ಕಡೆ ವೈರ್ ಎಳೆದಿದ್ದೇನೆ. ಆದರೆ ಇನ್ನೂ ಕಟ್ಟದೇ ಇರುವ ರಂಗಮಂದಿರಕ್ಕೆ ಪ್ಲಾನ್ ಮಾಡಿದ್ದು ಇದೇ ಮೊದಲು.

ನಮ್ಮ ತಾಲ್ಲೂಕಿನ ಒಳಗಿನ ಒಂದು ಹೈಸ್ಕೂಲು. ನಾನು ಓದಿದ್ದೂ ಅಲ್ಲೇ. ಹಳೆಯ ವಿದ್ಯಾರ್ಥಿಗಳು ದುಡ್ಡು ಸೇರಿಸಿ ನಾಟಕದ ಹಾಲ್ ಕಟ್ಟಿಸಲು ಹೊರಟರು. "ಕಟ್ಟಡ ನಾವು ನೋಡ್ಕೋತೀವಿ. ಲೈಟು, ಸೌಂಡು, ಪರದೆ ನೀನು ನೋಡ್ಕೋ" ಅಂದರು. ಅದಕ್ಕೆ ಅಂತ ಆರು ಲಕ್ಷ ಎತ್ತಿಟ್ಟಿದ್ದರು. ಆ ಮಾತಿನಲ್ಲೇ ಒಂದು ತಪ್ಪಿತ್ತು. ಕಟ್ಟಡ ಬೇರೆ, ಲೈಟು ಸೌಂಡು ಬೇರೆ ಅಂತ ಅವರೂ ತಿಳಿದಿದ್ದರು, ನಾನೂ ತಿಳಿದಿದ್ದೆ.

ಜನವರಿ 12: ಕಾಗದದ ಮೇಲೆ

ನಕ್ಷೆ ಮೊಬೈಲಿಗೆ ಬಂತು. ಹಾಲ್ ಒಳಗಿನ ಅಗಲ 36 ಅಡಿ, ಉದ್ದ 60 ಅಡಿ. ಅದರಾಚೆ 18 ಅಡಿ ಆಳದ ವೇದಿಕೆ, ಎತ್ತರ 3 ಅಡಿ. ಮೇಲೆ ಸೂರು ಹೊರುವ ಕಬ್ಬಿಣದ ಚೌಕಟ್ಟು, ಅಂದರೆ ಟ್ರಸ್, ಅದರ ಮೇಲೆ ಬಣ್ಣದ ಶೀಟು. ವೇದಿಕೆಯ ಬಾಯಿ, ಅಂದರೆ ಮುಂಪರದೆ ಸರಿದಾಗ ಕಾಣುವ ಜಾಗ, 30 ಅಡಿ. ಎರಡೂ ಪಕ್ಕದಲ್ಲಿ ಉಳಿದದ್ದು ಮೂರು ಮೂರಡಿ ಮಾತ್ರ.

"ಸ್ಟೇಜ್ ದೊಡ್ಡದಾಗಿದ್ರೆ ಒಳ್ಳೇದಲ್ವಾ?" ಅಂದರು ಎಂಜಿನಿಯರ್. ಸನ್ಮಾನ ಸಮಾರಂಭಕ್ಕೆ ಒಳ್ಳೆಯದೇ. ಹತ್ತು ಕುರ್ಚಿ ಸಾಲಾಗಿ ಹಾಕಬಹುದು. ನಾಟಕಕ್ಕೆ ಮಾತ್ರ ಕಷ್ಟ. ಮುಂದಿನ ಪ್ರವೇಶಕ್ಕೆ ಕಾಯುವ ಮಕ್ಕಳು ಎಲ್ಲಿ ನಿಲ್ಲಬೇಕು?

ಬಾಯಲ್ಲಿ ಹೇಳಿದರೆ ಯಾರಿಗೂ ಅರ್ಥವಾಗಲಿಲ್ಲ. ಮರುದಿನ ಶಾಲೆಯ ಮೈದಾನದಲ್ಲಿ ಸುಣ್ಣದ ಪುಡಿಯಿಂದ ಅದೇ ಅಳತೆಗೆ ಗೆರೆ ಹಾಕಿದೆ. ಎಂಟನೇ ಕ್ಲಾಸಿನ ಹನ್ನೆರಡು ಮಕ್ಕಳನ್ನು ಮೂರಡಿಯ ಪಟ್ಟಿಯೊಳಗೆ ನಿಲ್ಲಿಸಿದೆ. ಒಬ್ಬನ ಕೈಗೆ ಬಿಲ್ಲು, ಇನ್ನೊಬ್ಬಳ ಕೈಗೆ ರಟ್ಟಿನ ಮರ. ಒಬ್ಬರ ಹಿಂದೆ ಒಬ್ಬರು ಬಸ್ಸಿನಲ್ಲಿ ನಿಂತಂತೆ ನಿಂತರು. ಮರ ಹಿಡಿದವಳು ತಿರುಗಲು ಹೋಗಿ ಬಿಲ್ಲು ಹಿಡಿದವನ ಕಣ್ಣಿಗೆ ರಟ್ಟು ತಾಗಿಸಿದಳು. ಅದನ್ನು ನೋಡಿದ ಮೇಲೆ ಎಂಜಿನಿಯರ್ ತಕರಾರು ಎತ್ತಲಿಲ್ಲ. ಬಾಯಿ 24 ಅಡಿಗೆ ಇಳಿಯಿತು, ಪಕ್ಕಗಳು ಆರಾರು ಅಡಿಯಾದವು. ಪಿಲ್ಲರ್ ಒಂದನ್ನೂ ಕದಲಿಸಬೇಕಾಗಲಿಲ್ಲ. ಎರಡು ಕಡೆ ಇಟ್ಟಿಗೆ ಗೋಡೆ ಸ್ವಲ್ಪ ಮುಂದೆ ಬಂತು, ಅಷ್ಟೇ. ಖರ್ಚು: ಅರ್ಧ ಚೀಲ ಸುಣ್ಣ.

ಇಷ್ಟು ಬುದ್ಧಿ ಓಡಿಸಿದವನಿಗೆ ಅದೇ ಗೆರೆಗಳ ಹಿಂದೆ ಇನ್ನೊಂದು ಗೆರೆ ಹಾಕಬೇಕು ಅಂತ ಹೊಳೆಯಲಿಲ್ಲ. ಅದರ ಕಥೆ ಆಗಸ್ಟಿನಲ್ಲಿ ಬರುತ್ತದೆ.

ಫೆಬ್ರವರಿ 2: ಕರೆಂಟಿನ ಲೆಕ್ಕ, ಮೊದಲ ಸಲ ತಪ್ಪು

ನಾನು ಹಳೆಯ ಕಾಲದವನು. ವೇದಿಕೆಯ ಡಬ್ಬಿ ಲೈಟು ಪಾರ್ ಕ್ಯಾನ್ ಅಂದರೆ ನನಗೆ ಸಾವಿರ ವ್ಯಾಟಿನ ಬಲ್ಬು. ಮೊದಲ ಪಟ್ಟಿಯಲ್ಲಿ ಅಂಥವು ಹದಿನಾರು ಬರೆದೆ, ಜೊತೆಗೆ ಬೆಳಕು ಏರಿಸಿ ಇಳಿಸುವ ಡಿಮ್ಮರ್. 16 ಕಿಲೋವ್ಯಾಟ್. 230 ವೋಲ್ಟಿನಲ್ಲಿ ಹತ್ತಿರ ಹತ್ತಿರ 70 ಆಂಪಿಯರ್.

ಪಟ್ಟಿ ಹಿಡಿದುಕೊಂಡು ಶಾಲೆಯ ಮೀಟರ್ ಬೋರ್ಡಿನ ಮುಂದೆ ನಿಂತೆ. ಸಿಂಗಲ್ ಫೇಸ್, 3 ಕಿಲೋವ್ಯಾಟ್. ಮೂರು ಬಲ್ಬು ಹಾಕಿದರೆ ಮುಗಿಯಿತು, ಫ್ಯಾನಿಗೂ ಉಳಿಯುವುದಿಲ್ಲ. ಪಟ್ಟಿ ಬರೆಯುವ ಮೊದಲು ಮೀಟರ್ ನೋಡಬೇಕಿತ್ತು. ದಿನಾ ಇದೇ ಕೆಲಸ ಮಾಡುವವನು ನಾನು, ನಾಚಿಕೆಯಾಯಿತು.

ಎರಡನೇ ಪಟ್ಟಿ ಪೂರ್ತಿ ಎಲ್‌ಇಡಿ. ಹನ್ನೆರಡು ಎಲ್‌ಇಡಿ ಪಾರ್, ಒಂದೊಂದು ನಿಜವಾಗಿ ಎಳೆಯುವುದು ಸುಮಾರು 100 ವ್ಯಾಟ್. ಡಬ್ಬದ ಮೇಲೆ ಬರೆದದ್ದನ್ನು ನಂಬಬೇಡಿ, ವೈರಿಗೆ ಕಚ್ಚಿಸಿ ಕರೆಂಟು ಅಳೆಯುವ ಕ್ಲಾಂಪ್ ಮೀಟರ್ ಹಾಕಿ ನೋಡಿ. ನನಗೆ ಸಿಕ್ಕಿದ ಒಂದರ ಮೇಲೆ 54 ಗುಣಿಸು 3 ವ್ಯಾಟ್ ಅಂತ ಇತ್ತು, ಎಳೆದದ್ದು 92. ಅಂಚು ಕತ್ತರಿಸಿದಂತೆ ಬೆಳಕು ಬೀಳಿಸುವ ಪ್ರೊಫೈಲ್ ಲೈಟು ನಾಲ್ಕು, ತಲಾ 200. ಎಲ್ಲ ಸೇರಿ 2 ಕಿಲೋವ್ಯಾಟ್. ಸೌಂಡಿಗೆ 600 ವ್ಯಾಟ್, ಹತ್ತು ಫ್ಯಾನಿಗೆ 700, ಹಾಲಿನ ದೀಪಕ್ಕೆ 400. ಒಟ್ಟು 3.7.

ಹಾಗಿದ್ದರೂ 10 ಕಿಲೋವ್ಯಾಟಿನ ತ್ರೀ ಫೇಸ್‌ಗೆ ಅರ್ಜಿ ಹಾಕಿಸಿದೆ. ಕಾರಣ, ಹೊರಗಿನ ತಂಡಗಳು. ಹೆಗ್ಗೋಡಿನ ನೀನಾಸಂ 1985ರಿಂದ ಊರೂರಿಗೆ ನಾಟಕ ಒಯ್ಯುವ ತಿರುಗಾಟ ನಡೆಸುತ್ತಿದೆ. ಅಂಥ ತಂಡ ಬಂದರೆ ತಮ್ಮ ಲೈಟು, ತಮ್ಮ ಡಿಮ್ಮರ್ ತಾವೇ ತರುತ್ತಾರೆ. ಅವರಿಗೆ ಬೇಕಾದದ್ದು ಗಟ್ಟಿಯಾದ ಕರೆಂಟು ಸಿಗುವ ಒಂದು ಜಾಗ. ಅದು ಇಲ್ಲದ ಕಡೆ ಮೇನ್ ಬೋರ್ಡಿನ ಫ್ಯೂಸ್ ಕಿತ್ತು ವೈರ್ ಸಿಕ್ಕಿಸುವುದನ್ನು ನಾನೇ ಎಷ್ಟೋ ಸಲ ಮಾಡಿದ್ದೇನೆ. ಮಕ್ಕಳು ಓಡಾಡುವ ಶಾಲೆಯಲ್ಲಿ ಅದು ಬೇಡ. ವೇದಿಕೆಯ ಎಡಪಕ್ಕದಲ್ಲಿ ಮುಚ್ಚಳ, ಬೀಗ ಇರುವ 32 ಆಂಪಿಯರಿನ ತ್ರೀ ಫೇಸ್ ಸಾಕೆಟ್ ಬರೆದೆ.

ಫೆಬ್ರವರಿ 24: ಹೂಮಳೆಯ ವೋಲ್ಟೇಜು

ಸಂಜೆ ಏಳು ಗಂಟೆಗೆ ಮೀಟರ್ ಹಿಡಿದೆ: 176 ವೋಲ್ಟ್. ಹೂಮಳೆ ಬಾರದೆ ತೋಟದವರೆಲ್ಲ ಕಾಫಿ ಹೂ ಅರಳಿಸಲು ಸ್ಪ್ರಿಂಕ್ಲರ್ ಪಂಪು ಹಚ್ಚಿದ್ದರು. ನನ್ನ ಅಂಗಡಿಗೆ ಸುಟ್ಟ ಮೋಟಾರು ಸಾಲುಗಟ್ಟಿ ಬರುವ ಕಾಲವೂ ಅದೇ, ಹಾಗಾಗಿ ನಾನು ದೂರುವ ಹಾಗಿಲ್ಲ.

ತಂಡದ ಹಳೆಯ ಸಾವಿರ ವ್ಯಾಟಿನ ದೀಪ ಹಚ್ಚಿ ನೋಡಿದೆ. ಅಗ್ಗಿಷ್ಟಿಕೆಯ ಕೆಂಡದ ಬಣ್ಣ. ಸ್ಯಾಂಪಲ್ ತಂದಿದ್ದ ಎಲ್‌ಇಡಿ ಪಾರ್ ಏನೂ ಆಗದವರಂತೆ ಉರಿಯಿತು. ಒಳಗಿನ ಪವರ್ ಸಪ್ಲೈ 100ರಿಂದ 240 ವೋಲ್ಟಿನವರೆಗೆ ತಡೆದುಕೊಳ್ಳುವಂಥದ್ದು. ಕೊಳ್ಳುವ ಮೊದಲು ಈ ಎರಡು ಅಂಕಿ ಓದಿ, ಮಲೆನಾಡಿಗೆ ಇದು ಮುಖ್ಯ. 220 ಅಂತ ಮಾತ್ರ ಬರೆದಿದ್ದರೆ ಬಿಟ್ಟುಬಿಡಿ.

ಲೈಟು ನಡೆಸುವ ಕಂಟ್ರೋಲರ್ ಮತ್ತು ಸೌಂಡು ಹೊಂದಿಸುವ ಮಿಕ್ಸರಿಗೆ ಒಂದು ಯುಪಿಎಸ್ ಸೇರಿಸಿದೆ. ಕರೆಂಟು ಹೋಗಿ ಜನರೇಟರ್ ಹತ್ತುವಷ್ಟರಲ್ಲಿ ಲೈಟು ಆರಿದರೆ ಜನ ಸುಮ್ಮನೆ ಕೂತಿರುತ್ತಾರೆ. ಆದರೆ ಕಂಟ್ರೋಲರ್ ಆರಿ ಮತ್ತೆ ಶುರುವಾದರೆ ಅದು ಯಾವ ದೃಶ್ಯದಲ್ಲಿತ್ತು ಅನ್ನುವುದನ್ನೇ ಮರೆತಿರುತ್ತದೆ.

ಮಾರ್ಚ್ 9: ಮೆಣಸಿನ ಏಣಿ

ಟ್ರಸ್‌ಗಳ ನಡುವೆ 14 ಅಡಿ ಅಂತರ. ವೇದಿಕೆಯ ಅಂಚಿನ ಮೇಲೆ ಒಂದು, ಅಲ್ಲಿಂದ 14 ಅಡಿ ಹಿಂದಕ್ಕೆ ಜನರ ತಲೆಯ ಮೇಲೆ ಇನ್ನೊಂದು. ಮುಂದಿನ ಲೈಟುಗಳ ಪೈಪನ್ನು ಆ ಎರಡನೇ ಟ್ರಸ್‌ಗೇ ತೂಗುಹಾಕಿದರೆ ಸುಲಭ ಅಂತ ಬರೆದಿದ್ದೆ.

ಸುಮ್ನೆ ಒಂದು ಸಲ ನೋಡೋಣ ಅಂತ ಕನ್ನಡ ಮೇಷ್ಟ್ರನ್ನು ಕರೆದುಕೊಂಡು ರಾತ್ರಿ ಮೈದಾನಕ್ಕೆ ಹೋದೆ. ಮೆಣಸು ಕೊಯ್ಯುವ ಬಿದಿರೇಣಿಯನ್ನು ತೋಟದಿಂದ ತಂದು ಆಟದ ಕಂಬಕ್ಕೆ ಬಿಗಿದು, 16 ಅಡಿ ಎತ್ತರದಲ್ಲಿ ಲೈಟು ಕಟ್ಟಿದೆ. ಮೇಷ್ಟ್ರು ಮೂರಡಿ ಎತ್ತರಕ್ಕೆ ಜೋಡಿಸಿದ ಬೆಂಚುಗಳ ಮೇಲೆ ನಿಂತರು. ಹಿಂದೆ ಬಿಳಿ ಪಂಚೆ ಕಟ್ಟಿದ್ದೆವು.

14 ಅಡಿಯಲ್ಲಿ ಬೆಳಕು ಮುಖಕ್ಕೆ ನೇರ ಬಡಿಯಿತು. ಮೇಷ್ಟ್ರ ಮೂಗೇ ಮಾಯ, ಮುಖ ತಟ್ಟೆಯಂತೆ ಚಪ್ಪಟೆ. ಅವರಿಗಿಂತ ದೊಡ್ಡ ನೆರಳು ಪಂಚೆಯ ಮೇಲೆ ಕುಣಿಯುತ್ತಿತ್ತು. ಏಣಿಯನ್ನು ಹತ್ತಿರ ತಂದೆವು. 11 ಅಡಿ, 9 ಅಡಿ, 8 ಅಡಿ. ಎಂಟಕ್ಕೆ ಬಂದಾಗ ಕೆನ್ನೆ, ಹುಬ್ಬು ಕಂಡವು, ನೆರಳು ನೆಲಕ್ಕಿಳಿಯಿತು. ಇನ್ನೂ ಹತ್ತಿರ ತಂದರೆ ಕಣ್ಣಿನ ಗುಳಿ ಕಪ್ಪಾಗುತ್ತದೆ. ಎಂಟಡಿ ಅಂತ ತೀರ್ಮಾನವಾಯಿತು.

ಟ್ರಸ್ ಇನ್ನೂ ನೆಲದ ಮೇಲಿದ್ದದ್ದು ನಮ್ಮ ಪುಣ್ಯ. ಎರಡು ಟ್ರಸ್ ನಡುವೆ 50 ಗುಣಿಸು 50 ಗುಣಿಸು 6 ಎಂಎಂ ಆಂಗಲ್ ಹಾಕಿ ಪೈಪು ತೂಗಲು ಜಾಗ ಮಾಡಿಸಿದೆವು. ಎಂಜಿನಿಯರಿಗೆ ತೂಕ ಬರೆದುಕೊಟ್ಟೆ. ಒಂದೂವರೆ ಇಂಚಿನ ಜಿಐ ಪೈಪು, ಹೊರ ವ್ಯಾಸ 48 ಎಂಎಂ, ಮೀಟರಿಗೆ ಮೂರೂವರೆ ಕೆ.ಜಿ. 36 ಅಡಿಗೆ 39 ಕೆ.ಜಿ. ಎಂಟು ಲೈಟು, ಕ್ಲಾಂಪು, ಕೇಬಲ್ ಸೇರಿ ಇನ್ನೊಂದು 50. ಅಂದರೆ ಪೈಪೊಂದಕ್ಕೆ 90 ಕೆ.ಜಿ. ಅಂಥವು ಮೂರು: ಜನರ ಮೇಲೆ ಒಂದು, ವೇದಿಕೆಯ ಮೇಲೆ ಎರಡು. ಅವರು ಅದನ್ನು ನೋಡಿ ಆಂಗಲಿನ ವೆಲ್ಡಿಂಗ್ ಬದಲಿಗೆ ಬೋಲ್ಟ್ ಹಾಕಿಸಿದರು.

ಇದು ಇಡೀ ಕೆಲಸದಲ್ಲಿ ನಾನು ಸರಿಯಾದ ಹೊತ್ತಿಗೆ ಮಾಡಿದ ಎರಡನೇ ಮತ್ತು ಕೊನೆಯ ಪರೀಕ್ಷೆ. ಮುಂದಿನದ್ದೆಲ್ಲ ಪೆಟ್ಟು ತಿಂದ ಮೇಲೆ ಕಲಿತದ್ದು.

ಏಪ್ರಿಲ್ 18: ಕಾಂಕ್ರೀಟು ಬಿತ್ತು

ಮೇಸ್ತ್ರಿ ಬೆಳಿಗ್ಗೆ ಫೋನ್ ಮಾಡಿ "ಅಣ್ಣ, ಹಾಲಿಗೆ ಬೆಡ್ ಹಾಕ್ತಾ ಇದ್ದೀವಿ" ಅಂದ. "ಹಾಕಪ್ಪ" ಅಂದೆ. ಅಂಗಡಿಯಲ್ಲಿ ಐದು ಎಚ್‌ಪಿ ಮೋಟಾರು ಬಿಚ್ಚಿಕೊಂಡು ಕೂತಿದ್ದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಅನ್ನ ಗಂಟಲಲ್ಲೇ ನಿಂತಿತು. ಹಾಲಿನ ಹಿಂದಿನ ಕಂಟ್ರೋಲ್ ಕಟ್ಟೆಯಿಂದ ವೇದಿಕೆಗೆ ನೆಲದೊಳಗೆ ಎರಡಿಂಚಿನ ಎರಡು ಪಿವಿಸಿ ಪೈಪು ಹಾಕಿಸಬೇಕಿತ್ತು. ಲೈಟಿನ ಸಿಗ್ನಲ್‌ಗೆ ಒಂದು, ಮೈಕಿಗೆ ಒಂದು. ನನ್ನ ತಲೆಯಲ್ಲಿತ್ತು. ನಕ್ಷೆಯಲ್ಲಿ ಇರಲಿಲ್ಲ.

ಬೈಕ್ ಹತ್ತಿ ಹೋಗುವಷ್ಟರಲ್ಲಿ ಅರ್ಧ ಹಾಲ್ ಮುಗಿದಿತ್ತು. ಒಡೆಯಿರಿ ಅನ್ನಲು ಬಾಯಿ ಬರಲಿಲ್ಲ. ಕೊನೆಗೆ ಗೋಡೆಯ ಮೇಲೆ ಹತ್ತಡಿ ಎತ್ತರದಲ್ಲಿ ಕೇಬಲ್ ಟ್ರೇ ಓಡಿಸಿದೆವು. 70 ಅಡಿಯ ದಾರಿ 110 ಅಡಿಯಾಯಿತು. ನೋಡಲು ಚೆನ್ನಾಗಿಲ್ಲ. ಆದರೆ ಇಲಿ ಕಡಿದರೆ ಕಣ್ಣಿಗೆ ಕಾಣುತ್ತದೆ ಅಂತ ಸಮಾಧಾನ ಮಾಡಿಕೊಂಡಿದ್ದೇನೆ.

ಕಂಟ್ರೋಲ್ ಕಟ್ಟೆಯ ಬಗ್ಗೆ ಒಂದು ಮಾತು. ಮೊದಲು ಸಿನಿಮಾ ಥಿಯೇಟರಿನಂತೆ ಗಾಜಿನ ರೂಮು ಬರೆದಿದ್ದರು. ಬೇಡ ಅಂದೆ. ಗಾಜಿನ ಹಿಂದೆ ಕೂತವನಿಗೆ ಜನ ಕೇಳಿಸಿಕೊಳ್ಳುವ ಸೌಂಡು ಕೇಳಿಸುವುದಿಲ್ಲ. 8 ಗುಣಿಸು 5 ಅಡಿಯ ತೆರೆದ ಕಟ್ಟೆ, ಎತ್ತರ ಎರಡೂವರೆ ಅಡಿ, ಮುಂದೆ ಮೊಣಕಾಲೆತ್ತರದ ಗೋಡೆ. ಸಾಕು.

ಮೇ 4ರಿಂದ 27: ಪೈಪು, ವೈರು, ಮಿನುಗುವ ಲೈಟು

ವೆಲ್ಡಿಂಗಿನವರು ಪೈಪನ್ನು 12 ಅಡಿಗೊಂದು ಕಡೆ ತೂಗುಹಾಕಿದ್ದರು. ಲೈಟು ಏರಿಸಿದ ಮೇಲೆ ದಾರ ಹಿಡಿದು ನೋಡಿದರೆ ನಡುವೆ ಕಾಲಿಂಚಿಗಿಂತ ಜಾಸ್ತಿ ಇಳಿದಿತ್ತು. ಆರಡಿಗೊಂದು ಹಿಡಿತ ಹಾಕಿಸಿದೆ. ಪ್ರತಿ ಲೈಟಿಗೂ ಕ್ಲಾಂಪಿನ ಜೊತೆ ಬೇರೆಯಾಗಿ ಸ್ಟೀಲ್ ವೈರಿನ ಕುಣಿಕೆ. ಕೆಳಗೆ ಕೂರುವುದು ಮಕ್ಕಳು. ಇದರಲ್ಲಿ ಚೌಕಾಸಿ ಇಲ್ಲ.

ಫೇಸ್ ಹಂಚಿಕೆ ಹೀಗೆ: ಕೆಂಪು ಫೇಸ್ ಲೈಟಿಗೆ, ಹಳದಿ ಸೌಂಡಿಗೆ, ನೀಲಿ ಫ್ಯಾನು ಮತ್ತು ಹಾಲಿನ ದೀಪಕ್ಕೆ. ಲೈಟಿನ ಸರ್ಕ್ಯೂಟಿಗೆ 2.5 ಚದರ ಎಂಎಂ ತಾಮ್ರದ ವೈರು, ಲೋಡು ಮೀರಿದರೆ ತಾನೇ ಬೀಳುವ 16 ಆಂಪಿಯರ್ ಎಂಸಿಬಿ, ಎಲ್ಲದಕ್ಕೂ ಮುಂಚೆ ಶಾಕ್ ಹೊಡೆದರೆ ಕರೆಂಟು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಅರ್ತಿಂಗ್ ಗುಂಡಿ ಎರಡು, ಇದ್ದಿಲು ಉಪ್ಪು ಹಾಕಿ ತುಂಬಿಸಿ ಒಂದಕ್ಕೊಂದು ಜೋಡಿಸಿದ್ದು.

ಸ್ಪೀಕರಿನಲ್ಲಿ ಮೊದಲ ದಿನ ಜೇನುಗೂಡಿನ ಹಾಗೆ ಗುಂಯ್ ಅಂತ ಸದ್ದು. ಮಿಕ್ಸರನ್ನು ಹಿಂದಿನ ಗೋಡೆಯ ಸಾಕೆಟ್ಟಿಗೆ, ಸ್ಪೀಕರನ್ನು ವೇದಿಕೆಯ ಸಾಕೆಟ್ಟಿಗೆ ಹಾಕಿದ್ದೆ. ಎರಡನ್ನೂ ಒಂದೇ ಬೋರ್ಡಿನಿಂದ ಎಳೆದ ಮೇಲೆ ನಿಂತಿತು. ಅರ್ತ್ ಪಿನ್ ಕಿತ್ತರೂ ನಿಲ್ಲುತ್ತದೆ ಅಂತ ಒಬ್ಬ ಸೌಂಡಿನವನು ಹೇಳಿಕೊಟ್ಟ. ನಿಲ್ಲುತ್ತದೆ ನಿಜ, ಆದರೆ ಯಾವತ್ತೋ ಒಂದು ದಿನ ಮೈಕ್ ಹಿಡಿದ ಮಗುವಿಗೆ ಶಾಕ್ ಹೊಡೆಯುತ್ತದೆ. ಮಾಡಬೇಡಿ.

ಜಾಸ್ತಿ ದಿನ ತಿಂದದ್ದು ಡಿಎಂಎಕ್ಸ್ ಕೇಬಲ್, ಅಂದರೆ ಕಂಟ್ರೋಲರಿನ ಸಿಗ್ನಲನ್ನು ಲೈಟಿನಿಂದ ಲೈಟಿಗೆ ಒಯ್ಯುವ ತಂತಿ. ಪ್ಲಗ್ ಮೂರು ಪಿನ್ನಿನದು, ಮೈಕ್ ಕೇಬಲ್ಲಿನ ಹಾಗೇ ಇದೆ. ಬೆಂಗಳೂರಿನ ಎಸ್.ಪಿ. ರೋಡಿನಿಂದ ನಾಲ್ಕು ಸಾವಿರದ ಮೈಕ್ ಕೇಬಲ್ ತಂದು ಜೋಡಿಸಿದೆ. ಎರಡು ಲೈಟಿಗೆ ಚೆನ್ನಾಗಿತ್ತು. ಆರಕ್ಕೂ ಸರಿ. ಹನ್ನೆರಡನೇ ಲೈಟು ಸೇರಿಸಿದ್ದೇ ತಡ, ಸಾಲಿನ ಕೊನೆಯ ನಾಲ್ಕು ತಮ್ಮಷ್ಟಕ್ಕೆ ಮಿನುಗತೊಡಗಿದವು. ನೀಲಿ ಕೊಟ್ಟರೆ ಹಸಿರು. ಮೂರು ದಿನ ಲೈಟನ್ನೇ ಬೈದೆ, ಎರಡನ್ನು ಬಿಚ್ಚಿಯೂ ನೋಡಿದೆ. ತಪ್ಪು ಕೇಬಲ್ಲಿನದು. 120 ಓಮ್‌ನ ಡಿಎಂಎಕ್ಸ್ ಕೇಬಲ್ ತರಿಸಿ, ಕೊನೆಯ ಲೈಟಿನ ಹೊರದಾರಿಗೆ ಎರಡು ಮತ್ತು ಮೂರನೇ ಪಿನ್ ನಡುವೆ 120 ಓಮ್ ರೆಸಿಸ್ಟರ್ ಬೆಸೆದ ಪ್ಲಗ್ ಹಾಕಿದೆ. ಮಿನುಗು ನಿಂತಿತು. ಆ ರೆಸಿಸ್ಟರಿನ ಬೆಲೆ ಎರಡು ರೂಪಾಯಿ. ನಾಲ್ಕು ಸಾವಿರದ ಮೈಕ್ ಕೇಬಲ್ ಈಗ ಶಾಲೆಯ ಪ್ರಾರ್ಥನೆಯ ಮೈಕಿಗೆ ಹೋಗಿದೆ.

ಜೂನ್ 24: ಆರಿದ್ರಾ

ಮೇ ತಿಂಗಳಿನಲ್ಲಿ ಹಾಲಿನಲ್ಲಿ ಚಪ್ಪಾಳೆ ತಟ್ಟಿದಾಗ ಎರಡು ಗೋಡೆಗಳ ನಡುವೆ ಟರ್‌ರ್ ಅಂತ ಸದ್ದು ಓಡುತ್ತಿತ್ತು. ಅದಕ್ಕೆ ಏನಾದರೂ ಮಾಡಬೇಕು ಅಂತ ಅಂದುಕೊಂಡಿದ್ದೆ. ತಲೆಯ ಮೇಲೆ ಇನ್ನೂ ದೊಡ್ಡ ಸದ್ದು ಕಾದಿದೆ ಅಂತ ಗೊತ್ತಿರಲಿಲ್ಲ.

ಗೊತ್ತಿರಲಿಲ್ಲ ಅನ್ನುವುದು ಸುಳ್ಳು. ನಾನು ಹುಟ್ಟಿ ಬೆಳೆದದ್ದು ಈ ಮಳೆಯಲ್ಲೇ. ಶೀಟಿನ ಮೇಲೆ ಮಳೆ ಬಿದ್ದರೆ ಮನೆಯಲ್ಲಿ ಟಿ.ವಿ. ಕೇಳುವುದಿಲ್ಲ ಅನ್ನುವುದು ಮಗುವಿಗೂ ಗೊತ್ತು. ಆದರೆ ಜನವರಿಯಲ್ಲಿ ನಕ್ಷೆಯ ಮುಂದೆ, ಮೇ ತಿಂಗಳ ಬಿಸಿಲಿನಲ್ಲಿ ಅದೇ ಶೀಟಿನ ಅಡಿಯಲ್ಲಿ, ನಾವು ಹದಿನೈದು ಜನ ನಿಂತು ಮೈಕು, ಸ್ಪೀಕರು, ಬಣ್ಣದ ಲೈಟು ಅಂತ ಮಾತಾಡಿದೆವು. ಒಬ್ಬರೂ ತಲೆಯೆತ್ತಿ ನೋಡಲಿಲ್ಲ.

ಆರಿದ್ರಾ ಮಳೆ ಹಿಡಿಯಿತು. ಮೇಷ್ಟ್ರು ವೇದಿಕೆಯ ಮೇಲೆ ನಿಂತು ಕೂಗಿದರು. ಮೂರನೇ ಸಾಲಿನಲ್ಲಿದ್ದ ನನಗೆ ಬಾಯಿ ಆಡುವುದು ಕಂಡಿತು, ಅಷ್ಟೇ. ಫೋನಿನ ಆ್ಯಪಿನಲ್ಲಿ 84 ಡೆಸಿಬೆಲ್. ಮಳೆ ಇಲ್ಲದಾಗ ಅದೇ ಜಾಗದಲ್ಲಿ 38 ಇತ್ತು. ಫೋನಿನ ಅಂಕಿ ಪಕ್ಕಾ ಅಲ್ಲ, ಆದರೆ ಒಂದೇ ಫೋನು, ಒಂದೇ ಜಾಗ, ಹೋಲಿಸಲು ಸಾಕು. ಸ್ಪೀಕರ್ ಜೋರು ಮಾಡಿದೆ. ಮಳೆಯ ಜೊತೆಗೆ ಸ್ಪೀಕರ್ ಕಿರುಚಿತು. ಹೆಡ್ ಮೇಡಂ ಕಿವಿ ಮುಚ್ಚಿಕೊಂಡು ಹೊರಗೆ ಹೋದರು.

ಜುಲೈ: ಹಾಳಾದ ತಿಂಗಳು

ಮೊದಲ ಔಷಧಿ ಥರ್ಮಾಕೋಲ್. ಹಗುರ, ಅಗ್ಗ, ಅಂಟಿಸುವುದು ಸುಲಭ. 27,000 ರೂಪಾಯಿ ಕೊಟ್ಟು ವೇದಿಕೆಯ ಮೇಲೆ ಮತ್ತು ಮುಂದಿನ ಒಂದಷ್ಟು ಜಾಗದಲ್ಲಿ ಶೀಟಿನ ಕೆಳಗೆ ಅಂಟಿಸಿದೆವು. ಮುಂದಿನ ಮಳೆಗೆ 82. ಎರಡೇ ಎರಡು ಕಡಿಮೆ. ಥರ್ಮಾಕೋಲ್ ಬಿಸಿಲಿನ ಝಳ ತಡೆಯುತ್ತದೆ, ಸದ್ದು ತಡೆಯುವುದಿಲ್ಲ. ಮೇಲಾಗಿ ಬೆಂಕಿ ತಾಗಿದರೆ ಕರಗಿ ಹೊತ್ತಿಕೊಂಡು ಸುರಿಯುತ್ತದೆ. ಮಕ್ಕಳ ತಲೆಯ ಮೇಲೆ ಇದನ್ನು ಹಾಕಿದ್ದೆನಲ್ಲ ಅಂತ ರಾತ್ರಿ ನಿದ್ದೆ ಬರಲಿಲ್ಲ. ಅಷ್ಟನ್ನೂ ಕಿತ್ತೆಸೆದೆವು.

ಎರಡನೇ ಹೊಡೆತ ಪರದೆಗೆ. ಮುಂಪರದೆಗೆ ಮೆರೂನ್ ಮಖಮಲ್ಲು, ಎರಡು ಪಟ್ಟು ನೆರಿಗೆ. 24 ಅಡಿ ಬಾಯಿಗೆ, ನಡುವೆ ಒಂದರ ಮೇಲೊಂದು ಬರುವುದೂ ಸೇರಿ, 54 ಇಂಚು ಅಗಲದ ಬಟ್ಟೆ ಹನ್ನೆರಡು ಪಟ್ಟಿ. ಒಂದೊಂದು 15 ಅಡಿ, ಒಟ್ಟು 55 ಮೀಟರ್. ಅದನ್ನು ಜುಲೈ ಮೊದಲ ವಾರದಲ್ಲಿ ತೂಗುಹಾಕಿ, ಬಾಗಿಲು ಹಾಕಿಕೊಂಡು ಬಂದೆ. ಹದಿನೈದು ದಿನ ಬಿಟ್ಟು ನೋಡಿದರೆ ಕೆಳಗಿನ ನಾಲ್ಕಡಿ ಪೂರ್ತಿ ಬಿಳಿ ಬೂಷ್ಟು. ಕೈಯಿಟ್ಟರೆ ಹಸಿ ಕಾಫಿಬೀಜ ಮುಗ್ಗಿದ ವಾಸನೆ.

ನಮ್ಮಲ್ಲಿ ಬೀರುವಿನಲ್ಲಿ ಬಲ್ಬು ಹಚ್ಚಿ ಬಟ್ಟೆ ಬೆಚ್ಚಗಿಡುತ್ತಾರಲ್ಲ, ಅದೇ ಐಡಿಯಾ ಮಾಡಿದೆ. ಪರದೆಯ ಹಿಂದೆ 60 ವ್ಯಾಟಿನ ನಾಲ್ಕು ಬಲ್ಬು ರಾತ್ರಿಯಿಡೀ. ಮೂರನೇ ದಿನ ವಾಚ್‌ಮನ್ ಫೋನ್ ಮಾಡಿದರು: "ಸಾರ್, ಬಟ್ಟೆ ಕಮಟು ವಾಸ್ನೆ ಬರ್ತಿದೆ." ಗಾಳಿಗೆ ನೆರಿಗೆ ಸರಿದು ಬಲ್ಬಿಗೆ ತಾಗಿತ್ತು. ಅಂಗೈ ಅಗಲ ಕಂದು ಕಲೆ. ಅವತ್ತು ಅವರು ರಜೆ ಹಾಕಿದ್ದರೆ ಈ ಡೈರಿಯೇ ಇರುತ್ತಿರಲಿಲ್ಲ. ನನ್ನ ಹದಿನೆಂಟು ವರ್ಷದಲ್ಲಿ ಇದಕ್ಕಿಂತ ದಡ್ಡ ಕೆಲಸ ಮಾಡಿಲ್ಲ.

ಈಗ ಮಾಡಿರುವುದು: ಮಳೆಗಾಲದಲ್ಲಿ ಪರದೆ ಪೂರ್ತಿ ತೆರೆದು, ಅಂಚನ್ನು ನೆಲದಿಂದ ಮೂರಡಿ ಮೇಲೆತ್ತಿ ಕಟ್ಟುವುದು. ವೇದಿಕೆಯ ಎರಡೂ ಪಕ್ಕ ಎಕ್ಸಾಸ್ಟ್ ಫ್ಯಾನು, ದಿನಕ್ಕೆ ಎರಡು ಗಂಟೆ. ಬಟ್ಟೆಗೆ ಬೆಂಕಿ ತಡೆಯುವ ದ್ರಾವಣ ಹೊಡೆಸಿದ್ದೇವೆ. ಒಗೆದರೆ ಅದು ಹೋಗುತ್ತದೆ, ಮತ್ತೆ ಹೊಡೆಸಬೇಕು.

ಪಕ್ಕದ ಕಪ್ಪು ಪರದೆಗಳಲ್ಲೂ ಎಡವಿದೆ. ಚಿಕ್ಕಪೇಟೆಯಲ್ಲಿ ಕಪ್ಪು ಸ್ಯಾಟಿನ್ ಅಗ್ಗಕ್ಕೆ ಸಿಕ್ಕಿತು ಅಂತ ಒಂಬತ್ತು ಸಾವಿರಕ್ಕೆ ತಂದೆ. ಲೈಟು ಬಿದ್ದರೆ ಮದುವೆ ಮಂಟಪದ ಹಾಗೆ ಮಿರಮಿರ ಹೊಳೆಯಿತು. ಹೊಳಪಿಲ್ಲದ ದಪ್ಪ ಹತ್ತಿ ಬಟ್ಟೆ ಮತ್ತೆ ತಂದದ್ದಾಯಿತು.

ಆಗಸ್ಟ್ 15: ಕೆಸರು ಕಾಲಿನ ಸೈನಿಕರು

ಮೊದಲ ಕಾರ್ಯಕ್ರಮ. ಏಳನೇ ಕ್ಲಾಸಿನವರ ಕಿರುನಾಟಕ. ಎಡಗಡೆಯಿಂದ ಹೊರಟ ಸೈನಿಕರು ಮುಂದಿನ ದೃಶ್ಯಕ್ಕೆ ಬಲಗಡೆಯಿಂದ ಬರಬೇಕು. ಹೇಗೆ ಹೋಗುತ್ತಾರೆ? ಹಿಂಪರದೆ ಅಂತ ಬೇರೆ ಇರಲಿಲ್ಲ. ಆಳ ಉಳಿಯಲಿ ಅಂತ ಹಿಂದಿನ ಗೋಡೆಗೇ ತಿಳಿ ಬೂದು ಬಣ್ಣ ಹೊಡೆಸಿದ್ದೆ. ಗೋಡೆಯ ಹಿಂದೆ ದಾರಿಯಿಲ್ಲ. ಇರುವುದು ಬಯಲು.

ಹನ್ನೊಂದು ಮಕ್ಕಳು ಎಡಬಾಗಿಲಿನಿಂದ ಹೊರಗೆ ಹಾರಿ, ಮಳೆಯಲ್ಲಿ ಕಟ್ಟಡ ಸುತ್ತಿ ಓಡಿ, ಬಲಬಾಗಿಲಿನಿಂದ ಒಳಗೆ ಬಂದರು. ತೊಟ್ಟಿಕ್ಕುವ ಸಮವಸ್ತ್ರ, ಮೊಣಕಾಲಿನವರೆಗೆ ಕೆಸರು. ಯುದ್ಧಕ್ಕೆ ಹೋಗಿ ಬಂದವರ ಹಾಗೇ ಕಂಡದ್ದರಿಂದ ಜನ ಚಪ್ಪಾಳೆ ತಟ್ಟಿದರು. ಒಬ್ಬ ಹುಡುಗ ವೇದಿಕೆಯ ಮೇಲೆ ಜಾರಿ ಬಿದ್ದ, ಪೆಟ್ಟಾಗಲಿಲ್ಲ. ಜನವರಿಯಲ್ಲಿ ಸುಣ್ಣದ ಗೆರೆ ಹಾಕಿದಾಗ ಹಿಂದೆ ಮೂರಡಿಯ ಓಣಿಯ ಗೆರೆ ಹಾಕಿದ್ದರೆ ಇದು ಆಗುತ್ತಿರಲಿಲ್ಲ.

ಈಗ ಒಳಗಿನ ಆಳ ಕಡಿಮೆ ಮಾಡಲು ಮನಸ್ಸು ಬರಲಿಲ್ಲ. ಗೋಡೆಯ ಹೊರಗೆ ನಾಲ್ಕಡಿ ಅಗಲ, 36 ಅಡಿ ಉದ್ದದ ಶೀಟಿನ ಚಾಚು ಇಳಿಸಿ, ಕೆಳಗೆ ಕಲ್ಲು ಹಾಸಿ, ಹೊರಗಡೆ ಅರ್ಧ ಗೋಡೆ ಕಟ್ಟಿಸಿದೆವು. 38,000 ರೂಪಾಯಿ. ಮಂದ ನೀಲಿ ಬಲ್ಬು ಎರಡು, ಎರಡೂ ತುದಿಗೆ ಕಾಲೊರಸುವ ನಾರಿನ ಚಾಪೆ.

ಸೆಪ್ಟೆಂಬರ್: ಕಲ್ಲುಣ್ಣೆ

ಮೇಷ್ಟ್ರ ಸಲಹೆಯಂತೆ ಹಾಲಿನ ಹಿಂದಿನ ಗೋಡೆಗೆ ತೋಟದ ಗೋಣಿಚೀಲ ಕಟ್ಟಿ ನೋಡಿದೆವು. ಚಪ್ಪಾಳೆಯ ಮಾರ್ದನಿ ಚೆನ್ನಾಗಿಯೇ ಕಡಿಮೆಯಾಯಿತು. "ಇಲಿ, ಬೆಂಕಿ, ವಾಸನೆ. ನನ್ನ ಶಾಲೆಯಲ್ಲಿ ಬೇಡ" ಅಂದರು ಹೆಡ್ ಮೇಡಂ. ಸರಿಯಾಗಿಯೇ ಹೇಳಿದರು. ಅದೇ ಜಾಗಕ್ಕೆ ಮರದ ಎಳೆಯಿಂದ ಮಾಡಿದ 25 ಎಂಎಂ ವುಡ್‌ವುಲ್ ಬೋರ್ಡು, 36 ಗುಣಿಸು 8 ಅಡಿ, 32,000 ರೂಪಾಯಿ.

ಸೂರಿಗೆ ಕಲ್ಲಿನ ಎಳೆಯ ಉಣ್ಣೆ, ಅಂದರೆ ರಾಕ್‌ವುಲ್. 50 ಎಂಎಂ ದಪ್ಪದ ಹಲಗೆ, ಘನ ಮೀಟರಿಗೆ 48 ಕೆ.ಜಿ. ಸಾಂದ್ರತೆ. ಶೀಟಿನ ಕೆಳಗೆ ಎರಡಿಂಚು ಗಾಳಿಗೆ ಬಿಟ್ಟು, ಜಿಐ ಜಾಲರಿಯ ಮೇಲೆ ಹಾಸುವುದು. ಅದರ ಕೆಳಗೆ ಬೋರ್ಡು. ಜಿಪ್ಸಂ ನಮ್ಮ ಥಂಡಿಗೆ ಬೇಡ ಅಂತ 8 ಎಂಎಂ ಸಿಮೆಂಟ್ ಬೋರ್ಡು. ಉಣ್ಣೆ ಒಂದೇ ಇದ್ದರೆ ಅರ್ಧ ಕೆಲಸ, ಕೆಳಗೆ ತೂಕದ ಬೋರ್ಡು ಇದ್ದರೇ ಪೂರ್ತಿ. ಈ ಹೊಸ ತೂಕಕ್ಕೆ ಟ್ರಸ್ ತಡೆಯುತ್ತದಾ ಅಂತ ಎಂಜಿನಿಯರನ್ನು ಮತ್ತೆ ಕರೆಸಿ ಕೇಳಿದೆವು. ಎರಡು ಕಡೆ ಬಲ ಕೊಡಿಸಿದರು.

ಕೆಲಸ ಮಾಡುವವರು ಕೈಗವಸು, ಮಾಸ್ಕು, ಉದ್ದ ತೋಳಿನ ಅಂಗಿ ಹಾಕಿಕೊಳ್ಳಲೇಬೇಕು. ನಾನು ಅರ್ಧ ಗಂಟೆಯ ಕೆಲಸ ಅಂತ ಬರಿಗೈಯಲ್ಲಿ ಏರಿ ಎರಡು ದಿನ ಕೆರೆದುಕೊಂಡೆ.

ಇನ್ನೊಂದು ತಪ್ಪು. ಸೋರುವ ಸ್ಕ್ರೂಗಳನ್ನು ಜುಲೈಯಲ್ಲೇ ಸೀಮೆಸುಣ್ಣದಿಂದ ಗುರುತು ಹಾಕಿ ವಾಷರ್ ಬದಲಿಸಿದ್ದೆವು. ಎರಡು ತಪ್ಪಿಸಿಕೊಂಡಿದ್ದವು. ಉಣ್ಣೆ ನೀರು ಕುಡಿದು ಜಾಲರಿ ಜೋತುಬಿದ್ದ ಮೇಲೆ ಗೊತ್ತಾಯಿತು. ಬೋರ್ಡು ಹಾಕುವ ಮೊದಲೇ ಸಿಕ್ಕಿತಲ್ಲ ಅಂತ ದೇವರಿಗೆ ಕೈಮುಗಿದೆ.

ಹಾಲ್ ಮತ್ತು ವೇದಿಕೆ ಸೇರಿ 2,808 ಚದರಡಿ. ಉಣ್ಣೆ ಎಲ್ಲ ಕಡೆ ಮುಗಿದಿದೆ, 2,11,000 ರೂಪಾಯಿ. ಬೋರ್ಡು ವೇದಿಕೆಯ ಮೇಲೆ ಮಾತ್ರ, 58,000.

ಅಕ್ಟೋಬರ್ 14: ಲೆಕ್ಕ ಮತ್ತು ಚಿತ್ತಾ ಮಳೆ

ದುಡ್ಡು ಹೋದ ದಾರಿ. ಪಾರ್ ಲೈಟು 78,000. ಪ್ರೊಫೈಲ್ 96,000. ಕಂಟ್ರೋಲರ್ 14,000. ಪೈಪು, ಕ್ಲಾಂಪು, ವೆಲ್ಡಿಂಗ್ 46,000. ವೈರಿಂಗ್, ಬೋರ್ಡು, ಅರ್ತಿಂಗ್, ಯುಪಿಎಸ್ ಎಲ್ಲ 1,12,000. ಸೌಂಡು 1,35,000. ಪರದೆ ಮತ್ತು ಟ್ರ್ಯಾಕು 58,000. ಹಿಂದಿನ ಓಣಿ 38,000. ಗೋಡೆಯ ಬೋರ್ಡು 32,000. ಸೂರು ಇಲ್ಲಿಯವರೆಗೆ 2,69,000. ಥರ್ಮಾಕೋಲ್, ಸ್ಯಾಟಿನ್, ಮೈಕ್ ಕೇಬಲ್ ಅಂತ ನನ್ನ ದಡ್ಡತನಕ್ಕೆ 40,000. ಒಟ್ಟು 9,18,000. ಕೊಟ್ಟದ್ದು ಆರು ಲಕ್ಷ. ಹಾಲಿನ ಮೇಲಿನ ಉಳಿದ 2,160 ಚದರಡಿ ಬೋರ್ಡಿಗೆ ಇನ್ನೂ 1,94,000 ಬೇಕು. ಆಡಳಿತ ಮಂಡಳಿಯವರು ನನ್ನ ಫೋನು ಎತ್ತುವುದನ್ನು ಕಡಿಮೆ ಮಾಡಿದ್ದಾರೆ.

ನಿನ್ನೆ ಸಂಜೆ ಗುಡುಗಿನ ಜೊತೆ ಚಿತ್ತಾ ಮಳೆ ಬಂತು. ಎಲ್ಲರೂ ಛತ್ರಿ ಹಿಡಿದು ಶಾಲೆಗೆ ಓಡಿದೆವು. ಇದಕ್ಕಾಗಿಯೇ ಕಾಯುತ್ತಿದ್ದೆವು ನೋಡಿ. ಮೂರನೇ ಸಾಲಿನಲ್ಲಿ ಫೋನು 67 ತೋರಿಸಿತು. ಮೇಷ್ಟ್ರು ಮೈಕಿಲ್ಲದೆ ಒಂದು ಮಾತು ಹೇಳಿದರು. ಕೇಳಿಸಿತು! ಹತ್ತನೇ ಕ್ಲಾಸಿನ ಒಬ್ಬಳು ಹುಡುಗಿ, ಮೆಲುದನಿಯವಳು, ಎರಡು ಮೈಕುಗಳ ಸಹಾಯದಿಂದ ತನ್ನ ಪಾತ್ರದ ಮಾತು ಹೇಳಿದಳು. ನಾನು ಒಂದೊಂದೇ ಸಾಲು ಹಿಂದೆ ಸರಿಯುತ್ತಾ ಹೋದೆ. ಹನ್ನೆರಡನೇ ಸಾಲಿನವರೆಗೆ ಒಂದೊಂದು ಅಕ್ಷರವೂ ಸ್ಪಷ್ಟ. ಹದಿಮೂರರಿಂದ ಮತ್ತೆ ಮಳೆಯದೇ ಮಾತು.

ನವೆಂಬರ್ 1ಕ್ಕೆ ನಾಟಕ ನಿಗದಿಯಾಗಿದೆ. ಅಷ್ಟರೊಳಗೆ ಬೋರ್ಡಿನ ದುಡ್ಡು ಹುಟ್ಟುವುದಿಲ್ಲ. ಕೊನೆಯ ಮೂರು ಸಾಲಿನ ಕುರ್ಚಿಗಳನ್ನು ಮಡಚಿ ಗ್ರೀನ್ ರೂಮಿಗೆ ಹಾಕಿದ್ದೇವೆ. ಈಗ ಗ್ರೀನ್ ರೂಮಿನಲ್ಲಿ ಮಕ್ಕಳಿಗೆ ಬಣ್ಣ ಹಚ್ಚಲು ಜಾಗವಿಲ್ಲ. ಅದನ್ನು ಮುಂದಿನ ವಾರ ನೋಡಬೇಕು.